ಬೂಷ್ಟಿನ ವಿಷ, ಅಣಬೆಯ ಕಿಣ್ವ: ಪಶು ಆಹಾರದ ಅಫ್ಲಾಟಾಕ್ಸಿನ್ ಒಡೆಯುವ ಬಗೆ

(ಹೈನುಗಾರರು ಮತ್ತು ಪಶು ಆಹಾರ ತಯಾರಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಮಾಡೋಣ. ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ ಎರಡು ಕಿಲೋ ಶೇಂಗಾ ಹಿಂಡಿ ಹಾಕುತ್ತೀರಿ. ಆ ಹಿಂಡಿಯಲ್ಲಿ ಕಿಲೋಗೆ 100 ಮೈಕ್ರೊಗ್ರಾಂ, ಅಂದರೆ 100 ಪಿಪಿಬಿ, ಅಫ್ಲಾಟಾಕ್ಸಿನ್ ಬಿ1 ಎಂಬ ಬೂಷ್ಟಿನ ವಿಷ ಇದೆ ಎಂದಿಟ್ಟುಕೊಳ್ಳಿ. ಹಸುವಿನ ಹೊಟ್ಟೆಗೆ ಹೋದದ್ದು 200 ಮೈಕ್ರೊಗ್ರಾಂ. ಅದರಲ್ಲಿ ಸಾಮಾನ್ಯವಾಗಿ ಶೇ 1ರಿಂದ 2ರಷ್ಟು ಯಕೃತ್ತಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಆಗಿ ಮಾರ್ಪಟ್ಟು ಹಾಲಿಗೆ ಇಳಿಯುತ್ತದೆ. ಹೆಚ್ಚು ಹಾಲು ಕರೆಯುವ ಮಿಶ್ರತಳಿಗಳಲ್ಲಿ ಇದು ಶೇ 6ರವರೆಗೂ ಹೋಗಬಹುದು. ಶೇ 2 ಎಂದರೆ 4 ಮೈಕ್ರೊಗ್ರಾಂ. ಹತ್ತು ಲೀಟರಿಗೆ ಹಂಚಿದರೆ ಲೀಟರಿಗೆ 0.4. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ 0.5, ಯುರೋಪಿನ ಮಿತಿ 0.05. ಅದೇ ಹಸುವಿನಲ್ಲಿ ಶೇ 3 ಇಳಿದರೆ ನಮ್ಮ ಮಿತಿಯೂ ದಾಟಿತು. 100 ಪಿಪಿಬಿ ಇರುವ ಹಿಂಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಏನೂ ಗೊತ್ತಾಗುವುದಿಲ್ಲ.

ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ ನಡೆಸಿದ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 368ರಲ್ಲಿ ಎಂ1 ಮಿತಿ ಮೀರಿತ್ತು, ಅಂದರೆ ಶೇ 5.7. ಕಲಬೆರಕೆಯ ಬಗ್ಗೆ ನಾವು ಅಷ್ಟೊಂದು ಮಾತಾಡುತ್ತೇವೆ, ಇದರ ಬಗ್ಗೆ ಆಡುವುದೇ ಇಲ್ಲ. ಹಾಲು ಕಾಯಿಸಿದರೆ ಈ ವಿಷ ಹೋಗದು, ಪಾಶ್ಚರೀಕರಣದಿಂದಲೂ ಹೋಗದು. ಬಿ1 ಕರಗುವ ಉಷ್ಣತೆಯೇ ಸುಮಾರು 268 ಡಿಗ್ರಿ ಸೆಲ್ಸಿಯಸ್. ಪನೀರು ಮಾಡಿದರೆ ಎಂ1 ಹಾಲಿನ ಕೇಸಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಇನ್ನಷ್ಟು ಸಾಂದ್ರವಾಗುತ್ತದೆ.

ಈ ವಿಷ ಲೋಕಕ್ಕೆ ಗೊತ್ತಾದದ್ದೇ ಪಶು ಆಹಾರದಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಕಾರಣ ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ. ನಮ್ಮಲ್ಲಿ 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸ್‌ವಾಡಾ ಭಾಗದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 397 ಜನ ಕಾಮಾಲೆಗೆ ಬಿದ್ದರು, 106 ಜನ ತೀರಿಕೊಂಡರು. ಆ ಮನೆಗಳ ನಾಯಿಗಳೂ ಸತ್ತಿದ್ದವು.

ವಿಷ ಮಾಡುವುದು ಆಸ್ಪರ್ಜಿಲಸ್ ಫ್ಲೇವಸ್, ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎಂಬ ಬೂಷ್ಟುಗಳು. ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಇವು ನೆಲದೊಳಗೇ ಕಾಯಿಗೆ ಇಳಿಯುತ್ತವೆ. ದಾವಣಗೆರೆ, ಹಾವೇರಿಯಲ್ಲಿ ತೆನೆ ಮುರಿಯುವಾಗ ಮಳೆ ಹಿಡಿದರೆ ಮೆಕ್ಕೆಜೋಳಕ್ಕೆ ಕಣದಲ್ಲೇ ಹತ್ತುತ್ತವೆ. ಇನ್ನೊಂದು ಕೆಟ್ಟ ರೂಢಿಯಿದೆ. ಮಷೀನಿನಲ್ಲಿ ಕಾಯಿ ಸುಲಿಯುವ ಮುಂಚೆ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವುದು. ಒಣಗಿಸಿ ಶೇ 7-8ಕ್ಕೆ ಇಳಿಸಿದ್ದ ತೇವ ಆ ಒಂದು ಕೊಡ ನೀರಿಗೆ ಮತ್ತೆ ಏರುತ್ತದೆ. ಎಣ್ಣೆ ತೆಗೆದಾಗ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ನಮ್ಮ ದನಗಳ ಪಾಲು.

ಈಗ ಅಣಬೆಗೆ ಬರೋಣ. ವಿಷ ಮಾಡುವುದೂ ಶಿಲೀಂಧ್ರವೇ, ಅದನ್ನು ಒಡೆಯಬಲ್ಲದ್ದೂ ಶಿಲೀಂಧ್ರವೇ, ಆದರೆ ಎರಡೂ ಬೇರೆ ಬೇರೆ ಕುಲದವು. ಮರ ತಿಂದು ಬೆಳೆಯುವ ಬಿಳಿಕೊಳೆ ಅಣಬೆಗಳು, ನಮ್ಮ ಚಿಪ್ಪಣಬೆ ಕೂಡ ಅದೇ ಗುಂಪಿನದು, ಲಿಗ್ನಿನ್ ಎಂಬ ಗಟ್ಟಿ ಪದಾರ್ಥವನ್ನು ಒಡೆಯಲು ದೇಹದಿಂದ ಹೊರಕ್ಕೆ ಕಿಣ್ವಗಳನ್ನು ಸುರಿಸುತ್ತವೆ. ಮುಖ್ಯವಾದವು ಎರಡು: ಲ್ಯಾಕೇಸ್ ಮತ್ತು ಮ್ಯಾಂಗನೀಸ್ ಪೆರಾಕ್ಸಿಡೇಸ್. ಲಿಗ್ನಿನ್‌ಗೆ ಒಂದೇ ನಿಶ್ಚಿತ ರಚನೆ ಇಲ್ಲದ ಕಾರಣ ಈ ಕಿಣ್ವಗಳೂ ಒಂದೇ ಅಣುವಿಗೆ ಅಂಟಿಕೊಂಡಿಲ್ಲ, ಉಂಗುರಾಕಾರದ ಅನೇಕ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಅಫ್ಲಾಟಾಕ್ಸಿನ್ ಅಂಥದೊಂದು ಅಣು. ಅದರ ವಿಷವೆಲ್ಲ ಎರಡು ಕಡೆ ಇದೆ. ಒಂದು ತುದಿಯಲ್ಲಿ ಫ್ಯೂರಾನ್ ಉಂಗುರದ 8-9ನೇ ಇಂಗಾಲಗಳ ನಡುವಿನ ಜೋಡಿಬಂಧ, ಯಕೃತ್ತಿನಲ್ಲಿ ಡಿಎನ್‌ಎಗೆ ಕಚ್ಚಿಕೊಳ್ಳುವುದು ಇದರ ಮೂಲಕ. ಇನ್ನೊಂದು ಕಡೆ ಲ್ಯಾಕ್ಟೋನ್ ಉಂಗುರ. ಇವು ಮುರಿದರೆ ವಿಷ ಇಳಿಯುತ್ತದೆ.

ಇಟಲಿಯ ಬಾರಿ ನಗರದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಕೆಲಸ ನಮಗೆ ತುಂಬ ಹತ್ತಿರದ್ದು. ಅಣಬೆ ಬೆಳೆಗಾರರು ಬಳಸುವಂಥದೇ ಮಿಶ್ರಣಕ್ಕೆ ಶೇ 25ರಷ್ಟು ಮೆಕ್ಕೆಜೋಳ ಸೇರಿಸಿ, ಒಟ್ಟಾರೆ ಬಿ1 ಪ್ರಮಾಣ ಕಿಲೋಗೆ 128 ಮೈಕ್ರೊಗ್ರಾಂ ಆಗುವಂತೆ ಮಾಡಿ, ಪ್ಲೂರೋಟಸ್ ಎರಿಂಜಿ ಎಂಬ ಚಿಪ್ಪಣಬೆಯ ಬಂಧುವನ್ನು ಬೆಳೆಸಿದರು. 28 ದಿನಗಳಲ್ಲಿ ಶೇ 86ರವರೆಗೆ ವಿಷ ಒಡೆದಿತ್ತು. ಅಣಬೆಯ ಇಳುವರಿ ಕಡಿಮೆಯಾಗಲಿಲ್ಲ, ಅಣಬೆಯಲ್ಲಿ ವಿಷ ಪತ್ತೆಯಾಗಲಿಲ್ಲ. ಅವರು ಗಮನಿಸಿದ ಇನ್ನೊಂದು ಸಂಗತಿ: ಬರೀ ಪ್ರಯೋಗಾಲಯದ ಅಗರ್ ಎಂಬ ಅಂಟಿನ ಮಾಧ್ಯಮದ ಮೇಲೆ ಬಿ1 ಹೆಚ್ಚಾದಾಗ ಅಣಬೆಯ ಬೆಳವಣಿಗೆ ಕುಂಠಿತವಾಯಿತು, ಅದಕ್ಕೆ ಶೇ 5 ಗೋಧಿ ಹುಲ್ಲು ಸೇರಿಸಿದಾಗ ತಡೆದುಕೊಂಡಿತು. ಹುಲ್ಲು ಬೇಕೇ ಬೇಕು ಎಂದು ನಾನು ಹೇಳುವುದು ಇದಕ್ಕೇ.

ಆದರೆ ಒಂದು ಎಚ್ಚರ. ಪರೀಕ್ಷೆಯ ಯಂತ್ರದಲ್ಲಿ ಬಿ1 ಕಾಣಿಸಲಿಲ್ಲ ಎಂದರೆ ವಿಷ ಹೋಯಿತು ಎಂದಲ್ಲ. ಫನೆರೋಕೀಟೆ ಸೋರ್ಡಿಡಾ ಎಂಬ ಬಿಳಿಕೊಳೆ ಶಿಲೀಂಧ್ರದ ಮ್ಯಾಂಗನೀಸ್ ಪೆರಾಕ್ಸಿಡೇಸ್ ಬಳಸಿ ಜಪಾನಿನಲ್ಲಿ ನಡೆದ ಪ್ರಯೋಗದಲ್ಲಿ 48 ಗಂಟೆಗಳಲ್ಲಿ ಬಿ1 ಶೇ 86ರಷ್ಟು ಹೋಯಿತು, ಡಿಎನ್‌ಎ ಕೆಡಿಸುವ ಗುಣ ಇಳಿದದ್ದು ಮಾತ್ರ ಶೇ 69.2. ಎರಡು ಅಂಕಿಗಳ ನಡುವಿನ ಆ ಅಂತರದಲ್ಲಿ ಏನೋ ಒಂದು ಉಳಿದಿದೆ. ರೈಜೋಪಸ್‌ನಂಥ ಶಿಲೀಂಧ್ರಗಳಂತೂ ಬಿ1 ಅನ್ನು ಅಫ್ಲಾಟಾಕ್ಸಿಕಾಲ್ ಎಂಬ ರೂಪಕ್ಕೆ ತಿರುಗಿಸುತ್ತವೆ, ಅದು ಮತ್ತೆ ಬಿ1 ಆಗಬಲ್ಲದು. ಮೂರನೆಯ ಮೋಸ, ಅಣಬೆಯ ಎಳೆಗಳಿಗೆ ವಿಷ ಸುಮ್ಮನೆ ಅಂಟಿಕೊಂಡಿರುವುದು. ಪರೀಕ್ಷೆಯಲ್ಲಿ ಸಿಗುವುದಿಲ್ಲ, ದನದ ಹೊಟ್ಟೆಯಲ್ಲಿ ಬಿಡಿಸಿಕೊಳ್ಳಬಹುದು. ಹಾಗಾಗಿ ಯಾರಾದರೂ ನಿಮಗೆ ಇಷ್ಟು ಶೇಕಡ ಕಡಿಮೆಯಾಯಿತು ಎಂದರೆ, ವಿಷತ್ವದ ಪರೀಕ್ಷೆ ಮಾಡಿದ್ದೀರಾ, ಏನು ಉಳಿಯಿತು ಎಂದು ಕೇಳಿ.

ಅಣಬೆ ಬೆಳೆದು ಗೊತ್ತಿರುವ ಸಹಕಾರ ಸಂಘ ಅಥವಾ ಪಶು ಆಹಾರ ಘಟಕ ಇದನ್ನು ಸಣ್ಣದಾಗಿ ಪ್ರಯೋಗಿಸಿ ನೋಡಬಹುದು. ಹೇಗೆಂದು ವಿವರವಾಗಿ ಹೇಳುತ್ತೇನೆ.

ಮೊದಲ ಕೆಲಸ ಮಾದರಿ ತೆಗೆಯುವುದು, ಹೆಚ್ಚಿನವರು ಎಡವುವುದೂ ಇಲ್ಲೇ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳಿನಲ್ಲಿ ಒಂದೆರಡು ಕಾಳಿನಲ್ಲೇ ಭಾರೀ ವಿಷ ಇರಬಹುದು. ಮೇಲಿನಿಂದ ಒಂದು ಬೊಗಸೆ ತೆಗೆದು ಕಳಿಸಿದರೆ ಬರುವ ಉತ್ತರ ಬರೀ ಅದೃಷ್ಟದ್ದು. ರಾಶಿಯ ಇಪ್ಪತ್ತು ಕಡೆಯಿಂದ, ಮೇಲೆ, ನಡುವೆ, ತಳದಿಂದ ತೆಗೆದು 5 ಕಿಲೋ ಕೂಡಿಸಿ. ಅಷ್ಟನ್ನೂ ನುಣ್ಣಗೆ ಬೀಸಿ ಚೆನ್ನಾಗಿ ಬೆರೆಸಿ, ಆಮೇಲೆ ನಾಲ್ಕು ಪಾಲು ಮಾಡುತ್ತಾ ಅರ್ಧ ಕಿಲೋಗೆ ಇಳಿಸಿ. ಬೀಸುವ ಮುಂಚೆಯೇ ಪಾಲು ಮಾಡಿದರೆ ಆ ವಿಷದ ಕಾಳು ಯಾವ ಪಾಲಿಗೆ ಬಿತ್ತೋ ಹೇಳಲಾಗದು. 365 ನ್ಯಾನೋಮೀಟರ್ ನೇರಳಾತೀತ ದೀಪದಲ್ಲಿ ಹಸಿರು ಹಳದಿ ಹೊಳಪು ಕಂಡರೆ ಅದು ಬೂಷ್ಟು ಬೆಳೆದಿತ್ತೆಂಬ ಸುಳಿವು, ವಿಷದ ಅಳತೆಯಲ್ಲ. ಹೊಳೆಯದ ಕಾಳಿನಲ್ಲೂ ವಿಷ ಇರಬಹುದು. ಬೀಸುವಾಗ ಎನ್95 ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

10 ಕಿಲೋ ಒಣ ಮಿಶ್ರಣದ ಅಳತೆ ಕೊಡುತ್ತೇನೆ. ಎರಡು ಮೂರು ಇಂಚಿಗೆ ಕತ್ತರಿಸಿದ ಹೊಸ ಭತ್ತದ ಹುಲ್ಲು 7.5 ಕಿಲೋ. ನುಚ್ಚು ಮಾಡಿದ ಕೆಟ್ಟ ಮೆಕ್ಕೆಜೋಳ 2.5 ಕಿಲೋ. ಇದರಲ್ಲಿ 160 ಪಿಪಿಬಿ ಇದ್ದರೆ ಒಟ್ಟು ವಿಷ 400 ಮೈಕ್ರೊಗ್ರಾಂ, ಮಿಶ್ರಣದಲ್ಲಿ 40 ಪಿಪಿಬಿ. ಸುಣ್ಣಕಲ್ಲಿನ ಪುಡಿ 100ರಿಂದ 200 ಗ್ರಾಂ. ಗಾಳಿಯಲ್ಲಿ ಒಣಗಿದ ಈ ಮಿಶ್ರಣದಲ್ಲಿ ಶೇ 10 ತೇವ ಇದೆ ಎಂದುಕೊಂಡರೆ, ಶೇ 65ಕ್ಕೆ ತರಲು ಒಟ್ಟು ತೂಕ ಸುಮಾರು 25.7 ಕಿಲೋ ಆಗಬೇಕು. ಅಂದರೆ 15ರಿಂದ 16 ಲೀಟರ್ ನೀರು. ಹುಲ್ಲನ್ನು ಮಾತ್ರ ಮೊದಲು ನೆನೆಸಿ, ಬಸಿದು, ತೂಗಿ, ಆಮೇಲೆ ಜೋಳದ ನುಚ್ಚು ಬೆರೆಸಿ. ಜೋಳವನ್ನು ನೆನೆಸಿ ಬಸಿದರೆ ಪಿಷ್ಟವೂ ಒಂದಿಷ್ಟು ವಿಷವೂ ಬಸಿದ ನೀರಿನಲ್ಲಿ ಹೋಗಿ ನಿಮ್ಮ ಲೆಕ್ಕ ಕೆಡುತ್ತದೆ, ಆ ನೀರು ದನ ಕುಡಿಯುವ ತೊಟ್ಟಿಯ ಹತ್ತಿರ ಹರಿದರೆ ಇನ್ನೂ ಕೆಟ್ಟದ್ದು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು.

ಬರೀ ಹುಲ್ಲಿನಲ್ಲಿ ಚಿಪ್ಪಣಬೆ ಬೆಳೆಯುವವರು ಬಿಸಿನೀರಿನಲ್ಲಿ ಅದ್ದಿ ಮುಗಿಸುತ್ತಾರೆ. ಇಲ್ಲಿ ಅದು ಸಾಲದು. ಜೋಳದ ಪಿಷ್ಟ ಸಿಕ್ಕರೆ ಉಳಿದುಕೊಂಡ ಬೂಷ್ಟಿನ ಬೀಜಾಣುಗಳು ಅಣಬೆಗಿಂತ ಮುಂಚೆ ಎದ್ದುಬಿಡುತ್ತವೆ. ಎರಡು ಕಿಲೋ ಚೀಲಗಳನ್ನು ಆಟೋಕ್ಲೇವ್ ಎಂಬ ಒತ್ತಡದ ಹಬೆ ಪಾತ್ರೆಯಲ್ಲಿ 15 ಪೌಂಡ್ ಒತ್ತಡ, 121 ಡಿಗ್ರಿಯಲ್ಲಿ 90 ನಿಮಿಷ ಇಡಬೇಕು. ನೆನಪಿರಲಿ, ಇದರಿಂದ ಬೂಷ್ಟು ಸಾಯುತ್ತದೆ, ಅದು ಆಗಲೇ ಮಾಡಿಟ್ಟ ವಿಷ ಪೂರ್ತಿ ಹೋಗದು. ಚೀಲದ ನಡುಭಾಗ 30 ಡಿಗ್ರಿಗಿಂತ ಕೆಳಗೆ ತಣ್ಣಗಾದ ಮೇಲೆ, ಹಸಿ ತೂಕದ ಶೇ 4ರಂತೆ ಸುಮಾರು ಒಂದು ಕಿಲೋ ಅಣಬೆ ಬೀಜ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆಯ ಹೊಸ ಬೀಜ ಇರಲಿ, ಹಳೆಯದು ನಿಧಾನ. ಒಂದೇ ಜಾತಿಯ ಚಿಪ್ಪಣಬೆಯಲ್ಲೂ ತಳಿಯಿಂದ ತಳಿಗೆ ವಿಷ ಒಡೆಯುವ ಶಕ್ತಿ ಬೇರೆ. ಬಾರಿಯವರ ಅಂಕಿ ಅವರ ತಳಿಯದು, ನಮ್ಮ ಪ್ಲೂರೋಟಸ್ ಫ್ಲೋರಿಡಾಕ್ಕೋ ಸಾಜೋರ್ ಕಾಜುಗೋ ನಮ್ಮದೇ ಅಳತೆ ಆಗಬೇಕು.

24ರಿಂದ 28 ಡಿಗ್ರಿ, ಕತ್ತಲ ಕೋಣೆ, ಗಾಳಿಯಾಡಲು ಹತ್ತಿಯ ಬೆಣೆ. ಚೀಲಗಳನ್ನು ಒಂದರ ಮೇಲೊಂದು ಒಟ್ಟಬೇಡಿ. ಜೋಳ ಇರುವ ಚೀಲ ಒಳಗೇ ಕಾವೇರುತ್ತದೆ, ನಡುವಿನ ಶಾಖ ಕೋಣೆಗಿಂತ ಹಲವು ಡಿಗ್ರಿ ಹೆಚ್ಚಿರುತ್ತದೆ. ಅದು 35 ದಾಟಿದರೆ ಅಣಬೆ ಸೊರಗುತ್ತದೆ, ಆಸ್ಪರ್ಜಿಲಸ್‌ಗೆ ಅದೇ ಹಿತ. ಎರಡು ಮೂರು ವಾರದಲ್ಲಿ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ಬಿಳಿ ಎಳೆ ಹರಡಿದ ಮೇಲೂ ಕಿಣ್ವದ ಕೆಲಸ ನಡೆಯುತ್ತಲೇ ಇರುತ್ತದೆ. 28-30 ದಿನ ಬಿಡಿ.

ಹಸಿರು ಕಂಡರೆ ಆ ಚೀಲ ಹೋಯಿತು. ಗಾಢ ಹಸಿರು ಹಿಟ್ಟಿನಂತೆ ಹರಡಿದರೆ ಟ್ರೈಕೋಡರ್ಮಾ ಎಂಬ ಇನ್ನೊಂದು ಬೂಷ್ಟು, ಹಳದಿ ಮಿಶ್ರಿತ ಹಸಿರಿದ್ದರೆ ಆಸ್ಪರ್ಜಿಲಸ್ ಇರಬಹುದು. ಕಣ್ಣಳತೆಯಲ್ಲಿ ಬೇರೆ ಮಾಡಲು ಹೋಗಬೇಡಿ. ಆ ಜಾಗ ಕೆತ್ತಿ ತೆಗೆದು ಉಳಿದದ್ದನ್ನು ಬಳಸುವುದಂತೂ ಬೇಡವೇ ಬೇಡ, ಆ ಚೀಲದಲ್ಲಿ ವಿಷ ಶುರುವಿಗಿಂತ ಹೆಚ್ಚಾಗಿರಬಹುದು. ಬಿಚ್ಚದೆ ಹಾಗೇ ಆಟೋಕ್ಲೇವ್ ಮಾಡಿ ಸುಟ್ಟುಬಿಡಿ.

ಲ್ಯಾಕೇಸ್ ತಾಮ್ರ ಹೊತ್ತ ಕಿಣ್ವ. ತಾಮ್ರ ಕೊಟ್ಟರೆ ಅಣಬೆ ಇನ್ನಷ್ಟು ಲ್ಯಾಕೇಸ್ ಸುರಿಸುತ್ತದೆ ಎಂದು ಓದಿ ಮೈಲುತುತ್ತ ಬೆರೆಸುವ ಆಸೆ ಕೆಲವರಿಗೆ ಬರುತ್ತದೆ. ಬೇಡ. ಆ ಪದಾರ್ಥ ಮುಂದೆ ಕುರಿಯ ಬಾಯಿಗೆ ಹೋದರೆ ತಾಮ್ರವೇ ಅದನ್ನು ಕೊಲ್ಲುತ್ತದೆ. ಹಾಗೆಯೇ ಜೋಳದ ಬದಲು ಶೇಂಗಾ ಹಿಂಡಿಯನ್ನೇ ಶೇ 25 ಹಾಕಲು ಹೋಗಬೇಡಿ. ಹಿಂಡಿಯಲ್ಲಿ ಸಾರಜನಕ ಹೆಚ್ಚು. ಚೀಲ ಕಾವೇರುತ್ತದೆ, ಅಮೋನಿಯಾ ವಾಸನೆ ಹೊಡೆಯುತ್ತದೆ, ಬ್ಯಾಕ್ಟೀರಿಯಾ ನುಗ್ಗುತ್ತದೆ. ಶೇ 5ರಿಂದ ಶುರು ಮಾಡಿ ನೋಡಿಕೊಂಡು ಏರಿಸಬೇಕು.

ಹೋಲಿಸಿ ನೋಡಲು ಅಣಬೆ ಹಾಕದ ಚೀಲಗಳೂ ಪಕ್ಕದಲ್ಲಿರಬೇಕು. ಅದೇ ಮಿಶ್ರಣ, ಅದೇ ಆಟೋಕ್ಲೇವ್, ಅದೇ ಕೋಣೆ, ಬೀಜ ಮಾತ್ರ ಇಲ್ಲ. ಇನ್ನೊಂದು ಜೊತೆ: ಒಳ್ಳೆಯ ಜೋಳದಲ್ಲಿ ಅಣಬೆ ಪೂರ್ತಿ ಬೆಳೆಸಿ, ಆಟೋಕ್ಲೇವ್‌ನಲ್ಲಿ ಸಾಯಿಸಿ, ಆಮೇಲೆ ಕೆಟ್ಟ ಜೋಳ ಬೆರೆಸಿದ್ದು. ಇದರಲ್ಲೂ ವಿಷ ಕಡಿಮೆಯಾಗಿ ಕಂಡರೆ ಅದು ಒಡೆದದ್ದಲ್ಲ, ಅಂಟಿಕೊಂಡದ್ದು.

ಕೊನೆಯ ಲೆಕ್ಕ ಹೀಗೆ ಮಾಡಬೇಕು. ಅಣಬೆ ಉಸಿರಾಡುತ್ತಾ ಒಣ ಪದಾರ್ಥವನ್ನು ತಿಂದು ಹಾಕುತ್ತದೆ. ಮೊದಲಿದ್ದಷ್ಟೇ ತೇವಕ್ಕೆ ಒಣಗಿಸಿ ತೂಗಿದಾಗ 10 ಕಿಲೋ ಈಗ 7.5 ಕಿಲೋ ಬಂತು ಎನ್ನಿ, ಪರೀಕ್ಷೆಯಲ್ಲಿ 16 ಪಿಪಿಬಿ. 40ರಿಂದ 16ಕ್ಕೆ, ಶೇ 60 ಇಳಿಕೆ ಎಂದು ಕಾಣುತ್ತದೆ. ಆದರೆ ಒಟ್ಟು ವಿಷ 400 ಇದ್ದದ್ದು 7.5 ಸಲ 16, ಅಂದರೆ 120 ಮೈಕ್ರೊಗ್ರಾಂ ಆಗಿದೆ. ಒಡೆದದ್ದು ಶೇ 70. ಉಲ್ಟಾ ಮೋಸವೂ ಉಂಟು. 160 ಪಿಪಿಬಿಯ ಜೋಳದಿಂದ 16 ಪಿಪಿಬಿ ಬಂತು, ಶೇ 90 ಹೋಯಿತು ಎನ್ನುವವರು ಹುಲ್ಲು ಬೆರೆಸಿ ತೆಳುವಾದದ್ದನ್ನೂ ಅಣಬೆಯ ಖಾತೆಗೆ ಸೇರಿಸುತ್ತಿದ್ದಾರೆ.

ಬೀಜ ಬಿತ್ತಿ ಒಂದು ತಿಂಗಳು ಕಾಯುವ ಬದಲು ಕಿಣ್ವವನ್ನೇ ತೆಗೆದು ಪಶು ಆಹಾರಕ್ಕೆ ಬೆರೆಸಬಾರದೇ ಎಂದು ಕೇಳುತ್ತೀರಿ. ಇಲ್ಲಿ ಅಡ್ಡ ಬರುವುದು ನೀರು ಮತ್ತು ಆಮ್ಲಜನಕ. ಶೇ 10-12 ತೇವದ ಒಣ ಹಿಂಡಿಯಲ್ಲಿ ಯಾವ ಕಿಣ್ವವೂ ಅಲುಗಾಡುವುದಿಲ್ಲ. ಶೇ 12 ತೇವದ 100 ಕಿಲೋ ಧಾನ್ಯವನ್ನು ಶೇ 50ಕ್ಕೆ ತರಲು 76 ಲೀಟರ್ ನೀರು ಹಾಕಬೇಕು, ಆಮೇಲೆ ಅಷ್ಟನ್ನೂ ಆವಿಯಾಗಿಸಬೇಕು. ಅದಕ್ಕೆ ಕನಿಷ್ಠ 170 ಮೆಗಾಜೂಲ್ ಶಾಖ ಬೇಕು, ನಿಜವಾದ ಒಣಗಿಸುವ ಯಂತ್ರದಲ್ಲಿ ಇನ್ನೂ ಜಾಸ್ತಿ. ಬಿಸಿಲಲ್ಲಿ ಹರಡಿದರೆ ಖರ್ಚಿಲ್ಲ, ಆದರೆ ಮೋಡ ಮುಚ್ಚಿದರೆ ಅರ್ಧ ಒಣಗಿದ ಆ ರಾಶಿಯೇ ಆಸ್ಪರ್ಜಿಲಸ್‌ಗೆ ಹೊಸ ಹೊಲ. ಇನ್ನು ಹಸುವಿನ ಹೊಟ್ಟೆಯಲ್ಲೇ ಕೆಲಸ ಮಾಡಲಿ ಎಂದರೆ, ಲ್ಯಾಕೇಸ್‌ಗೆ ಆಮ್ಲಜನಕ ಬೇಕು, ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಲ್ಯಾಕೇಸ್ ಒಂಟಿಯಾಗಿ ಅಷ್ಟೊಂದು ಬಲಶಾಲಿಯೂ ಅಲ್ಲ. ಪ್ಲೂರೋಟಸ್ ಪಲ್ಮೊನೇರಿಯಸ್‌ನ ಒಂದು ಲ್ಯಾಕೇಸ್ ಒಂಟಿಯಾಗಿ ಬಿ1 ಅನ್ನು ಸುಮಾರು ಶೇ 23 ಒಡೆದರೆ, ಅಸಿಟೋಸಿರಿಂಗೋನ್ ಎಂಬ ಸಹಾಯಕ ಅಣು ಸೇರಿಸಿದಾಗ ಶೇ 90ಕ್ಕೆ ಹೋಯಿತು. ಅಂಥ ಸಹಾಯಕ ಅಣುಗಳು ಲಿಗ್ನಿನ್ ಒಡೆದಾಗ ತಾವಾಗಿ ಹುಟ್ಟುತ್ತವೆ. ಹುಲ್ಲಿನ ಮಹತ್ವ ಇಲ್ಲೂ ಬಂತು.

ಬೇರೆ ಬೂಷ್ಟು ವಿಷಗಳ ಕಥೆ ಇದಕ್ಕಿಂತ ಮುಂದೆ ಹೋಗಿದೆ. ಹಂದಿಗಳಲ್ಲಿ ಗರ್ಭದ ತೊಂದರೆ ತರುವ ಜಿಯರಲೆನೋನ್ ಅನ್ನು ಕ್ಲೋನೋಸ್ಟಾಕಿಸ್ ರೋಸಿಯಾ ಎಂಬ ಶಿಲೀಂಧ್ರದ ಲ್ಯಾಕ್ಟೋನೇಸ್ ಕಿಣ್ವ ಬಿಚ್ಚಿಹಾಕುತ್ತದೆ. ಅದಕ್ಕೆ ನೀರಿದ್ದರೆ ಸಾಕು, ಆಮ್ಲಜನಕ ಬೇಡ. ಗೆದ್ದಲಿನ ಕರುಳಿನಿಂದ ತೆಗೆದ ಟ್ರೈಕೋಸ್ಪೊರಾನ್ ಮೈಕೋಟಾಕ್ಸಿನಿವೊರಾನ್ಸ್ ಎಂಬ ಯೀಸ್ಟ್ ಓಕ್ರಾಟಾಕ್ಸಿನ್ ಎ ವಿಷವನ್ನು ಕತ್ತರಿಸಿ ಎರಡು ನಿರಪಾಯ ತುಂಡು ಮಾಡುತ್ತದೆ. ಫ್ಯೂಮೋನಿಸಿನ್ ವಿಷ ಒಡೆಯುವ ಎಸ್ಟರೇಸ್ ಕಿಣ್ವ ಯುರೋಪಿನಲ್ಲಿ 2014ರಲ್ಲೇ ಹಂದಿ ಆಹಾರಕ್ಕೆ ಅನುಮತಿ ಪಡೆಯಿತು, ಅದರ ಜೀನ್ ಬ್ಯಾಕ್ಟೀರಿಯಾದ್ದು, ತಯಾರಿಸುವುದು ಯೀಸ್ಟ್‌ನಲ್ಲಿ. ಅಂಗಡಿಯಲ್ಲಿ ಯಾರಾದರೂ ಎಲ್ಲ ವಿಷಕ್ಕೂ ಒಂದೇ ಪುಡಿ ಎಂದರೆ ಯಾವ ವಿಷಕ್ಕೆ, ಯಾವ ಕಿಣ್ವ ಎಂದು ಕೇಳಿ. ಜಿಯರಲೆನೋನ್ ಕಿಣ್ವ ಅಫ್ಲಾಟಾಕ್ಸಿನ್ ಅನ್ನು ಮುಟ್ಟುವುದೂ ಇಲ್ಲ. ನಮ್ಮ ಹೈನಿಗೆ ಸದ್ಯಕ್ಕೆ ಕೈಗೆಟಕುವುದು ಬೆಂಟೊನೈಟ್‌ನಂಥ ಜೇಡಿ. ಅದು ಒಡೆಯುವುದಿಲ್ಲ, ಅಫ್ಲಾಟಾಕ್ಸಿನ್ ಅನ್ನು ಹಿಡಿದುಕೊಂಡು ಸಗಣಿಯಲ್ಲಿ ಹೊರಹಾಕುತ್ತದೆ.

ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಈ ಚೀಲದಲ್ಲಿ ಬಂದ ಅಣಬೆ ತಿನ್ನಬಹುದೇ ಎಂದು ಒಬ್ಬರು ಕೇಳಿದರು. ಬಾರಿಯ ಪ್ರಯೋಗದಲ್ಲಿ ಅಣಬೆ ಸ್ವಚ್ಛವಾಗಿತ್ತು ನಿಜ. ಆದರೂ ನಿಮ್ಮ ತಳಿ, ನಿಮ್ಮ ಜೋಳದಲ್ಲಿ ಪರೀಕ್ಷೆ ಆಗುವವರೆಗೆ ತಿನ್ನಲೂ ಬೇಡಿ, ಮಾರಲೂ ಬೇಡಿ. ಅಣಬೆ ಏಳುವ ಮುಂಚೆಯೇ ಚೀಲ ಬಿಚ್ಚಿ.

ಹಾಗಾದರೆ ಆ ಬಿಳಿ ಪದಾರ್ಥವನ್ನು ಯಾವ ದನಕ್ಕೆ ಹಾಕುವುದು ಎಂದು ಇನ್ನೊಬ್ಬರ ಪ್ರಶ್ನೆ. ಹಾಲು ಕರೆಯುವ ಹಸುವಿಗೂ ಕರುವಿಗೂ ಗಬ್ಬದ ಹಸುವಿಗೂ ಬೇಡ. ಕೋಳಿಗೆ, ಅದರಲ್ಲೂ ಬಾತುಕೋಳಿಗೆ ಬೇಡವೇ ಬೇಡ, ಅವು ಈ ವಿಷಕ್ಕೆ ತೀರಾ ಸೂಕ್ಷ್ಮ. ಪರೀಕ್ಷೆಯಲ್ಲಿ 20 ಪಿಪಿಬಿಗಿಂತ ಕಡಿಮೆ ಬಂದು, ವಿಷತ್ವದ ಪರೀಕ್ಷೆಯೂ ಆಗಿದ್ದರೆ ಮಾತ್ರ ದುಡಿಯುವ ಎತ್ತುಗಳಿಗೆ ಸ್ವಲ್ಪ ಸ್ವಲ್ಪವಾಗಿ. ಪರೀಕ್ಷೆಗೆ ಅನುಕೂಲ ಇಲ್ಲದ ಕಡೆ ಗೋಬರ್ ಗ್ಯಾಸ್ ಗುಂಡಿಗೆ ಹಾಕುವುದೇ ಸರಿ. ಒಂದೆರಡು ಮೂಟೆ ಕೆಟ್ಟ ಜೋಳ ಇರುವ ರೈತರು ಆಟೋಕ್ಲೇವ್ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ, ನೇರ ಗುಂಡಿಗೆ ಹಾಕಿ.

ಸಂಘದಲ್ಲಿ ಹಾಲಿನಲ್ಲಿ ಎಂ1 ಇದೆ ಎಂದು ಹೇಳಿದರು, ಮೇವು ಬದಲಿಸಿದರೆ ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಮೂರನೆಯವರು ಕೇಳಿದರು. ಕೆಟ್ಟ ಹಿಂಡಿ ತಿಂದ 12ರಿಂದ 24 ಗಂಟೆಯೊಳಗೆ ಎಂ1 ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ, ನಿಲ್ಲಿಸಿದ ಮೂರು ನಾಲ್ಕು ದಿನಕ್ಕೆ ಇಳಿದುಹೋಗುತ್ತದೆ. ಇವತ್ತೇ ಹಿಂಡಿ ಬದಲಿಸಿ, ಐದನೆಯ ದಿನ ಮತ್ತೆ ಮಾದರಿ ಕೊಡಿ. ಆಗಲೂ ಎಂ1 ಬಂದರೆ ವಿಷ ಆ ಹಿಂಡಿಯಲ್ಲಷ್ಟೇ ಇಲ್ಲ, ಹತ್ತಿಕಾಳು ಹಿಂಡಿ, ಜೋಳದ ನುಚ್ಚು, ಬೂಸಾ, ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆಗೆ ಕಳಿಸಬೇಕು.